ಪಟವೂ ಬರಹವೂ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತರನ್ನು ಭಾಷಣಕ್ಕೆ ಕರೆದರೆ ಪಂಪನ ಮೇಲೋ, ವಚನಗಳ ಮೇಲೋ, ಕುಮಾರವ್ಯಾಸನ ಮೇಲೋ ನಾಲ್ಕು ಮಾತು ಕೇಳಬಹುದೆಂದು ಸಂಘದವರು ಎಣಿಸುವದು ಸಹಜ. ನಾವು ಫೋಟೋಗಳನ್ನು ಕುರಿತು ಮಾತನಾಡುವೆವೆಂದು ತಿಳಿಸಿದಾಗ ಕಾರ್ಯದರ್ಶಿಗಳು ಒಂದು ಗಳಿಗೆ ನಮ್ಮ ಮುಖವನ್ನೇ ನೋಡಿದರು, ಆದರೆ ಬೇಡವೆನ್ನಲಿಲ್ಲ. ಅವರ ಔದಾರ್ಯಕ್ಕೆ ಮೊದಲ ವಂದನೆಗಳು.

ಫೋಟೋ ತೆಗೆಯುವ ಕಲೆಯನ್ನು ನಾವು ಇಲ್ಲಿ ಹೇಳಹೊರಟಿಲ್ಲ. ಅದನ್ನು ಹೇಳಲು ನಮ್ಮ ಪೇಟೆಯ ಸ್ಟುಡಿಯೋದವರು ಸಮರ್ಥರಿದ್ದಾರೆ. ಚಿತ್ರವನ್ನೂ ಬರಹವನ್ನೂ ಒಂದೇ ಮಣೆಯ ಮೇಲೆ ಕೂಡಿಸಿ ಓದುವದು, ಒಂದೇ ತಾಸಿನಲ್ಲಿ ಮಕ್ಕಳಿಗೆ ಕಲಿಸುವದು, ಇದು ನಮ್ಮ ವಿಷಯ. ಚಿತ್ರಗಳಲ್ಲಿಯೂ ಸೊಗಸಿಗಾಗಿ ತೆಗೆದ ಸೂರ್ಯಾಸ್ತದ ಚಿತ್ರಗಳನ್ನು ಬದಿಗಿಟ್ಟು, 'ಇಂಥಲ್ಲಿ, ಇಂಥ ದಿನ, ಹೀಗಿತ್ತು' ಎಂದು ಸಾಕ್ಷಿ ನುಡಿಯುವ ದಾಖಲೆಯ ಚಿತ್ರಗಳನ್ನಷ್ಟೇ ತೆಗೆದುಕೊಳ್ಳುವೆವು.

ಇದು ಪಶ್ಚಿಮದಿಂದ ಬಂದ ಹೊಸ ಮಾತೆಂದು ತಿಳಿಯುವ ಕಾರಣವಿಲ್ಲ. ನಮ್ಮ ಊರುಗಳ ಅಗಸೆಯ ಬಳಿ, ಹನುಮಂತನ ಗುಡಿಯ ಹಿಂದೆ, ಎಣ್ಣೆ ಕುಂಕುಮ ಮೆತ್ತಿಕೊಂಡು ನಿಂತ ವೀರಗಲ್ಲುಗಳನ್ನು ತಾವೆಲ್ಲರೂ ಕಂಡಿದ್ದೀರಿ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವಿನದರಲ್ಲಿ ವೀರನನ್ನು ಒಯ್ಯುವ ದೇವಾಂಗನೆಯರು, ಮೇಲಿನದರಲ್ಲಿ ಶಿವಸಾನ್ನಿಧ್ಯ. ಈ ಪಟ್ಟಿಗಳ ನಡುವೆ ಬಿಟ್ಟ ಸಣ್ಣ ಅಂಚಿನಲ್ಲಿ ಬರಹ: ಯಾರ ಮಗ, ಯಾವ ಊರು, ಯಾರ ಆಳಿಕೆ, ತುರು ಕಾಯುವಾಗ ಸತ್ತನೋ ಹೆಣ್ಣುಮಕ್ಕಳ ಮಾನ ಕಾಯುವಾಗ ಸತ್ತನೋ. ಕೆತ್ತಿದ ರೂವಾರಿಯ ಹೆಸರೂ ಕೆಲವು ಕಡೆ ಉಂಟು. ಇದಕ್ಕಿಂತ ಒಳ್ಳೆಯ ಅಡಿಬರಹವನ್ನು ಇಂದಿನ ಯಾವ ಪತ್ರಿಕೆಯೂ ಕೊಡಲಾರದು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕಲ್ಲನ್ನು ನೋಡಿರಿ. ಕ್ರಿ.ಶ. 949-50ರ ಅದರ ಮೇಲೆ ಒಂದು ನಾಯಿ ಹಂದಿಯೊಡನೆ ಹೋರಾಡುತ್ತಿದೆ. ಚಿತ್ರ ಮಾತ್ರವಿದ್ದರೆ ಬೇಟೆಯ ಯಾವದೋ ಒಂದು ನೋಟವೆಂದು ಮುಂದೆ ನಡೆಯುತ್ತಿದ್ದೆವು. ಆ ನಾಯಿಯ ಹೆಸರು ಕಾಳಿ. ಗಂಗರ ಬೂತುಗನು ಅದನ್ನು ತನ್ನ ವೀರನಾದ ಮಣಲೇರನಿಗೆ ಅವನು ಬೇಡಿದ ಮೆಚ್ಚಾಗಿ ಕೊಟ್ಟನು. ಹಂದಿಯೂ ನಾಯಿಯೂ ಕೂಡಿಯೇ ಸತ್ತವು. ಇದಿಷ್ಟೂ ಬರಹದಿಂದ ತಿಳಿಯುವದು. ಸಾವಿರಕ್ಕೂ ಮೇಲೆ ವರ್ಷ ಕಳೆದರೂ ನಾಯಿಯ ಹೆಸರು ಉಳಿದಿದೆ ಎಂಬುದನ್ನು ದಯವಿಟ್ಟು ನೆನಪಿನಲ್ಲಿಡಿರಿ. ಮುಂದೆ ಇದರಿಂದ ನಮಗೆ ಕೆಲಸವಿದೆ.

ಚಿತ್ರವು ತಾನೇ ಮಾತನಾಡುವದು, ಅದಕ್ಕೆ ಬರಹವೇಕೆ ಎಂದು ಕೇಳುವವರುಂಟು. ಚಿತ್ರವು ಮಾತನಾಡುವದು ನಿಜ, ಆದರೆ ಕೇಳಿದವರ ಇಚ್ಛೆಯಂತೆ ಮಾತನಾಡುವದು. ನಮ್ಮ ಶಾಸ್ತ್ರಕಾರರು ಪದದ ಅರ್ಥವನ್ನು ಪ್ರಕರಣವು ನಿರ್ಣಯಿಸುವದೆಂದು ಹೇಳುವಾಗ 'ಸೈಂಧವ'ವೆಂಬ ಪದದ ಉದಾಹರಣೆಯನ್ನು ಕೊಡುತ್ತಾರೆ. ಊಟಕ್ಕೆ ಕುಳಿತವನು ಸೈಂಧವವನ್ನು ತರಹೇಳಿದರೆ ಉಪ್ಪು. ಪ್ರಯಾಣಕ್ಕೆ ನಿಂತವನು ತರಹೇಳಿದರೆ ಕುದುರೆ. ಊಟದ ಎಲೆಯ ಮುಂದೆ ಕುದುರೆಯನ್ನು ತಂದು ನಿಲ್ಲಿಸಿದ ಸೇವಕನ ಸ್ಥಿತಿ, ಅಡಿಬರಹವಿಲ್ಲದ ಚಿತ್ರವನ್ನು ನೋಡುವವರ ಸ್ಥಿತಿ.

ಹತ್ತಿರದ ಉದಾಹರಣೆಯನ್ನೇ ಹೇಳುವೆವು. ಸಪ್ಟಂಬರ 17 ಬಂತೆಂದರೆ ನಮ್ಮಲ್ಲಿ ಮರಾಠವಾಡಾ ಮುಕ್ತಿಸಂಗ್ರಾಮ ದಿನ. ಎರಡು ಹರಿದಾರಿ ಆಚೆ ಭಾಲ್ಕಿ, ಬಸವಕಲ್ಯಾಣ, ಆಳಂದಗಳಲ್ಲಿ ಕಲ್ಯಾಣ ಕರ್ನಾಟಕದ ಉತ್ಸವ. ಎರಡೂ ಕಡೆ ಒಂದು ಚಿತ್ರವನ್ನು ಕಾಣುವೆವು: ಬೇಗಂಪೇಟೆಯ ವಿಮಾನ ನಿಲ್ದಾಣದಲ್ಲಿ ನಿಜಾಮರು ಸರದಾರ ಪಟೇಲರಿಗೆ ಕೈಮುಗಿದು ನಿಂತದ್ದು. ಅದರಡಿಯಲ್ಲಿ 'ನಿಜಾಮರ ಶರಣಾಗತಿ, 1948' ಎಂದು ಬರೆದದ್ದನ್ನು ಎಷ್ಟೋ ಸಲ ಓದಿದ್ದೇವೆ. ನಿಜಸಂಗತಿಯೆಂದರೆ, ನಿಜಾಮರ ಸೇನಾಪತಿ ಎಲ್ ಎದ್ರೂಸರು ಜನರಲ್ ಚೌಧರಿಯವರಿಗೆ ಶರಣಾದದ್ದು 1948ರ ಸಪ್ಟಂಬರ 18ರಂದು. ಪಟೇಲರನ್ನು ನಿಜಾಮರು ಬರಮಾಡಿಕೊಂಡ ಆ ಚಿತ್ರವು 1949ರ ಫೆಬ್ರುವರಿಯದು. ಒಂದೇ ಕೈಮುಗಿತ. ಒಂದು ತಾರೀಖಿನಡಿಯಲ್ಲಿ ಅದು ಸೋಲು. ಇನ್ನೊಂದು ತಾರೀಖಿನಡಿಯಲ್ಲಿ ನಿಜಾಮರು ಭಾರತದ ಉಪಪ್ರಧಾನಿಗಳಿಗೆ ಕೊಟ್ಟ ಸ್ವಾಗತ. ಉಪ್ಪೋ ಕುದುರೆಯೋ ಎಂಬುದನ್ನು ಚಿತ್ರವು ಹೇಳುವದಿಲ್ಲ.

ಫೋಟೋಗ್ರಾಫಿಯು ನಮ್ಮ ಕನ್ನಡನಾಡಿಗೆ ಬಹು ಬೇಗ ಬಂದಿತು. ವಿಜಯನಗರದ ಹಾಳುಗಳನ್ನು 1856ರಲ್ಲಿಯೇ ಅಲೆಗ್ಝಾಂಡರ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿಯು ಮೇಣ ಹಚ್ಚಿದ ದೊಡ್ಡ ಕಾಗದಗಳ ಮೇಲೆ ಚಿತ್ರಿಸಿಕೊಂಡನು. 1983ರಲ್ಲಿ ಜಾನ್ ಗಾಲಿಂಗ್ಸ್ ಎಂಬ ಆಸ್ಟ್ರೇಲಿಯದ ಛಾಯಾಚಿತ್ರಕಾರರು ಅವೇ ಸ್ಥಳಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕಕ್ಕೆ ಇಟ್ಟರೆ ಯಾವ ಗೋಪುರ ಕುಸಿಯಿತು, ಯಾವ ಮಂಟಪವನ್ನು ಪುನಃ ಎತ್ತಿ ನಿಲ್ಲಿಸಿದರು ಎಂದು ಕಲ್ಲು ಕಲ್ಲು ಎಣಿಸಿ ಹೇಳಬಹುದು. ಮೊದಲಿನವುಗಳ ಸ್ಥಳವೂ ವರ್ಷವೂ ತಿಳಿದಿದ್ದುದರಿಂದಲೇ ಇದು ಸಾಧ್ಯವಾಯಿತು.

ನಮಗೆ ಹೆಚ್ಚು ಆಪ್ತವಾದದ್ದು ಇನ್ನೊಂದು ಕತೆ. ಉಮರ್ಗಾದಿಂದ ಸೊಲ್ಲಾಪುರದ ದಾರಿ ಹಿಡಿದರೆ ನಳದುರ್ಗದ ಕೋಟೆಯು ಸಿಗುವದು. ಬೋರಿ ನದಿಗೆ ಕಟ್ಟಿದ ಒಡ್ಡಿನೊಳಗೆ ಇಬ್ರಾಹಿಂ ಆದಿಲಶಾಹನು ಕಟ್ಟಿಸಿದ ಪಾಣಿಮಹಲಿಗೆ ಮಕ್ಕಳನ್ನು ಪ್ರವಾಸ ಕರೆದೊಯ್ಯದ ಶಾಲೆ ನಮ್ಮಲ್ಲಿಲ್ಲ. ಆ ನಳದುರ್ಗದಲ್ಲಿ 1853ರಿಂದ 1857ರ ವರೆಗೆ ಆಡಳಿತ ನಡೆಸಿದ ಅಧಿಕಾರಿಯು ಮೆಡೋಸ್ ಟೇಲರ್. ಅದಕ್ಕೂ ಮೊದಲು ಸುರಪುರದಲ್ಲಿ ಹಲವು ವರ್ಷ ಇದ್ದವನು. ಅವನು ಕಾದಂಬರಿಕಾರ, ಮೇಲಾಗಿ ಕೈಯಿಂದ ಚಿತ್ರ ಬರೆಯಬಲ್ಲವನು. ಇತ್ತ 1855ರಲ್ಲಿ ಮುಂಬಯಿ ಸರಕಾರವು ವಿಜಾಪುರ, ಬಾದಾಮಿ, ಐಹೊಳೆಗಳ ಕಟ್ಟಡಗಳ ಫೋಟೋ ತೆಗೆಯಲು ತೋಪುಖಾನೆಯ ಬಿಗ್ಸ್ ಎಂಬವನನ್ನು ನೇಮಿಸಿತು. ಅವನನ್ನು ಸೈನ್ಯಕ್ಕೆ ಮರಳಿ ಕರೆಸಿಕೊಂಡ ಮೇಲೆ ಪಿಗೌ ಎಂಬ ವೈದ್ಯನು ಆ ಕೆಲಸವನ್ನು ಮುಂದುವರಿಸಿದನು. ಈ ಚಿತ್ರಗಳನ್ನೂ ನೀಲ್ ಎಂಬವನ ಚಿತ್ರಗಳನ್ನೂ ಕೂಡಿಸಿ, ಧಾರವಾಡ-ಮೈಸೂರು ಪ್ರಾಂತಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥವೊಂದು 1866ರಲ್ಲಿ ಲಂಡನ್ನಿನಲ್ಲಿ ಹೊರಬಿದ್ದಿತು. ಅದಕ್ಕೆ ಇತಿಹಾಸದ ಬರಹವನ್ನು ಬರೆದವನು ನಮ್ಮ ನಳದುರ್ಗದ ಟೇಲರ್. ಶಿಲ್ಪದ ಟಿಪ್ಪಣಿಗಳನ್ನು ಬರೆದವನು ಫರ್ಗ್ಯುಸನ್. ವಿಜಾಪುರದ ಕಟ್ಟಡಗಳ ಗ್ರಂಥಕ್ಕೂ ಇವರಿಬ್ಬರೇ ಲೇಖಕರು.

ತೆಗೆದವನೊಬ್ಬ, ಬರೆದವನೊಬ್ಬ. ಟೇಲರನು 1860ರಲ್ಲಿಯೇ ಈ ದೇಶವನ್ನು ಬಿಟ್ಟಿದ್ದನು. ಪಿಗೌ 1858ರಲ್ಲಿಯೇ ತೀರಿಹೋಗಿದ್ದನು. ಆದರೂ ಗ್ರಂಥವು ನಿಂತಿತು. ಏಕೆಂದರೆ ಟೇಲರನು ಈ ನೆಲದ ಮೇಲೆ ವರ್ಷಗಟ್ಟಲೆ ತಿರುಗಿದ್ದನು. ಚಿತ್ರವನ್ನು ಕಂಡೊಡನೆ ಅವನಿಗೆ ನೆಲ ನೆನಪಾಗುತ್ತಿದ್ದಿರಬೇಕು. ಒಂದು ಕೊರತೆಯನ್ನು ಮಾತ್ರ ಹೇಳದಿರಲಾರೆವು. ಆ ಕಾಲದ ಇಂಥ ಶಿಲ್ಪಚಿತ್ರಗಳಲ್ಲಿ ಕಂಬದ ಎತ್ತರ ತಿಳಿಯಲೆಂದು ಒಬ್ಬ ಮನುಷ್ಯನನ್ನು ಕಂಬದ ಪಕ್ಕಕ್ಕೆ ನಿಲ್ಲಿಸುವ ರೂಢಿಯಿತ್ತು. ರುಮಾಲು ಸುತ್ತಿದ ಆ ಮನುಷ್ಯನು ಯಾರು? ಕಂಬಕ್ಕೆ ಹೆಸರುಂಟು, ರಾಜನಿಗೆ ಹೆಸರುಂಟು, ಫೋಟೋ ತೆಗೆದವನಿಗೆ ಹೆಸರುಂಟು. ಅವನು ಅಳತೆಗೋಲು.

ಅಳತೆಗೋಲಾದರೂ ಸಹಿಸಬಹುದು. ಬರಗಾಲದ ಚಿತ್ರಗಳಿಗೆ ಬಂದರೆ ಈ ಮಾತು ಬಹಳ ಕಠೋರವಾಗುವದು. 1876ರಿಂದ 78ರ ವರೆಗಿನ ಮಹಾಕ್ಷಾಮವನ್ನು ನಮ್ಮ ಜನ ಧಾತು-ಈಶ್ವರ ಸಂವತ್ಸರಗಳ ಬರವೆಂದು ನೆನೆಯುತ್ತಾರೆ. ಮೈಸೂರು ಸಂಸ್ಥಾನದಲ್ಲಿ 1871ರ ಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಜನ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆ ದಿನಗಳಲ್ಲಿ ಹೂಪರ್ ಎಂಬ ಮದ್ರಾಸು ಸೈನ್ಯದ ಅಧಿಕಾರಿಯು ಹಸಿದವರ ಚಿತ್ರಗಳನ್ನು ತೆಗೆದನು. ಎಲುಬು ಎಣಿಸಬಹುದಾದ ಗಂಡಸರು, ಹೆಂಗಸರು, ಕೂಸುಗಳು, ಕುಟುಂಬದ ಭಾವಚಿತ್ರಕ್ಕೆ ಕೂಡಿಸಿದಂತೆ ಸಾಲಾಗಿ ಕೂಡಿಸಲ್ಪಟ್ಟಿದ್ದಾರೆ. ಅವರನ್ನು ಕರೆಸಿ, ಕೂಡಿಸಿ, ಚಿತ್ರ ತೆಗೆದು, ಅನ್ನವನ್ನೂ ಕೊಡದೆ ಕಳುಹಿಸಿದನೆಂಬ ಆಪಾದನೆಯು ಆ ಕಾಲದಲ್ಲಿಯೇ ಅವನ ಮೇಲೆ ಬಂದಿತ್ತು. ಆ ಚಿತ್ರಗಳು ಇಂದು ಪುಸ್ತಕಗಳಲ್ಲಿ ಮೇಲಿಂದ ಮೇಲೆ ಅಚ್ಚಾಗುತ್ತವೆ. ಅಡಿಯಲ್ಲಿ 'ಕ್ಷಾಮಪೀಡಿತರು' ಎಂದಿಷ್ಟೇ. ಆತಕೂರಿನ ನಾಯಿಗೆ ಹೆಸರಿದೆ. ಇವರಿಗೆ ಇಲ್ಲ.

ನಮ್ಮ ಹಳೆಯ ಹೈದರಾಬಾದ ಸಂಸ್ಥಾನದಲ್ಲಿ ಈ ಕಲೆಯ ಅರಸನೆಂದರೆ ರಾಜಾ ದೀನದಯಾಳರು. 1844ರಲ್ಲಿ ಮೀರತ್ ಬಳಿಯ ಸರ್ಧಾನಾದಲ್ಲಿ ಹುಟ್ಟಿ, ರೂರ್ಕಿಯಲ್ಲಿ ಇಂಜಿನಿಯರಿಂಗ್ ಕಲಿತು, ಆರನೆಯ ನಿಜಾಮ ಮೆಹಬೂಬ ಅಲಿಖಾನರ ಆಸ್ಥಾನದ ಛಾಯಾಚಿತ್ರಕಾರರಾದರು, 'ಮುಸವ್ವಿರ್ ಜಂಗ್' ಎಂಬ ಬಿರುದನ್ನು ಪಡೆದರು, 1905ರಲ್ಲಿ ತೀರಿಕೊಂಡರು. ಅವರ ಸಂಸ್ಥೆಯು ತೆಗೆದ ಅರಮನೆಗಳ, ಬೇಟೆಗಳ ಚಿತ್ರಗಳು ಪ್ರಸಿದ್ಧವಾಗಿವೆ. ಆದರೆ ನಮ್ಮ ಮರಾಠವಾಡಾದ ದೃಷ್ಟಿಯಿಂದ ಬೆಲೆಯುಳ್ಳದ್ದು ಔರಂಗಾಬಾದ ಜಿಲ್ಲೆಯ, ಎಂದರೆ ಇಂದಿನ ಛತ್ರಪತಿ ಸಂಭಾಜಿನಗರ ಜಿಲ್ಲೆಯ, ಬರಪರಿಹಾರದ ಕೆಲಸಗಳ ಚಿತ್ರಸಂಪುಟ. 19ನೆಯ ಶತಮಾನದ ಕೊನೆಯ ದುಷ್ಕಾಳದ ಕಾಲದ್ದು. ಸರಕಾರದ ಸತ್ಕಾರ್ಯವನ್ನು ತೋರಿಸಲೆಂದು ಮಾಡಿಸಿದ್ದು. ಆ ಉದ್ದೇಶವು ತಪ್ಪೆಂದು ನಾವು ಹೇಳುವದಿಲ್ಲ. ಸತ್ಕಾರ್ಯ ನಡೆದಿದ್ದರೆ ತೋರಿಸಬೇಕಾದದ್ದೇ. ಆದರೆ ಓದುವವನು ಚಿತ್ರವನ್ನು ನೋಡುವ ಮೊದಲು, ಇದನ್ನು ಯಾರು ಮಾಡಿಸಿದರು, ಯಾರಿಗೆ ತೋರಿಸಲು ಮಾಡಿಸಿದರು ಎಂದು ಕೇಳಬೇಕು. ಪ್ರಶಸ್ತಿಶಾಸನವನ್ನು ಓದುವಾಗ ರಾಜನು ಸಮುದ್ರದ ವರೆಗೆ ಗೆದ್ದನೆಂದಿದ್ದರೆ ನಾವು ನಕ್ಕು, ಪಕ್ಕದ ರಾಜ್ಯದ ಶಾಸನವನ್ನೂ ತೆಗೆದು ನೋಡುವದಿಲ್ಲವೆ? ಅದೇ ಜಾಣತನವನ್ನು ಫೋಟೋಗಳ ಮುಂದೆ ಏಕೆ ಮರೆಯಬೇಕು?

ಹೊರದೇಶದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. 1936ರ ಮಾರ್ಚಿಯಲ್ಲಿ ಅಮೇರಿಕೆಯ ಡೊರೊಥಿಯಾ ಲ್ಯಾಂಗ್ ಎಂಬ ಮಹಿಳೆಯು ಸರಕಾರದ ಪರವಾಗಿ ಕೂಲಿಕಾರರ ಚಿತ್ರ ತೆಗೆಯುತ್ತ, ಕ್ಯಾಲಿಫೋರ್ನಿಯಾದ ಬಟಾಣಿ ಹೊಲದ ಬಳಿ ಗುಡಾರದಲ್ಲಿ ಕುಳಿತ ತಾಯಿಯೊಬ್ಬಳನ್ನು ಕಂಡಳು. ಗದ್ದಕ್ಕೆ ಕೈಯಿಟ್ಟ ತಾಯಿ, ಹೆಗಲಿಗೆ ಮುಖ ಮರೆಸಿದ ಮಕ್ಕಳು. ಈ ಚಿತ್ರವನ್ನು ಜಗತ್ತೆಲ್ಲ ಕಂಡಿದೆ. ಆಕೆಯ ವಯಸ್ಸು 32 ಎಂದು ಬರೆದುಕೊಂಡಳು; ಹೆಸರನ್ನು ಬರೆದುಕೊಳ್ಳಲಿಲ್ಲ. ಹೊಟ್ಟೆಗಾಗಿ ಆಕೆಯು ಮೋಟಾರಿನ ಟಾಯರುಗಳನ್ನೂ ಮಾರಿದ್ದಳೆಂದು ಲ್ಯಾಂಗ್ ಹೇಳಿದಳು. ಆ ತಾಯಿಯ ಹೆಸರು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಲೋಕಕ್ಕೆ ತಿಳಿದದ್ದು 1978ರಲ್ಲಿ. ಆಕೆಯು ಆ ನೆಲದ ಮೂಲನಿವಾಸಿಗಳಾದ ಚೆರೊಕಿ ಜನಾಂಗದವಳು; ಟಾಯರು ಮಾರಿದ ಮಾತು ಸುಳ್ಳೆಂದು ಮನೆಯವರು ಹೇಳಿದರು. ಚಿತ್ರದಲ್ಲಿಯ ತಾಯಿ ಮಕ್ಕಳು ಸುಳ್ಳಲ್ಲ. ಬರಹವು ಮಾತ್ರ 42 ವರ್ಷ ಕೊರತೆಯದಾಗಿ ನಿಂತಿತ್ತು.

ಬರೆಯುವವನೂ ತೆಗೆಯುವವನೂ ಕೂಡಿಯೇ ನಡೆದರೆ ಏನಾಗುವದೆಂಬುದಕ್ಕೆ ನಮ್ಮ ದೇಶದಲ್ಲಿಯೇ ಉದಾಹರಣೆಗಳಿವೆ. 1943ರ ಬಂಗಾಲದ ಕ್ಷಾಮದಲ್ಲಿ ಸುನೀಲ ಜಾನಾ ಅವರು ಚಿತ್ರಗಳನ್ನು ತೆಗೆದರು, ಜೊತೆಗೆ ತಿರುಗಿದ ಪಿ. ಸಿ. ಜೋಶಿಯವರು ಬರೆದರು. ಕನ್ನಡಿಗರಲ್ಲಿ ಮೈಸೂರಿನ ಟಿ. ಎಸ್. ಸತ್ಯನ್ ಅವರದು ಎತ್ತರದ ಹೆಸರು. 1923ರಿಂದ 2009ರ ವರೆಗೆ ಬಾಳಿದ ಇವರು ಪತ್ರಿಕೆಗಳಿಗಾಗಿ, ಆಮೇಲೆ ಸಿಡುಬು ನಿರ್ಮೂಲನದ ಕಾಲದಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ, ದೇಶದ ಹಳ್ಳಿಗಳನ್ನು ತಿರುಗಿದರು. ಇವರ ಕನ್ನಡ ಆತ್ಮಕಥನದ ಹೆಸರೇ 'ಕಾಲಕ್ಕೆ ಕನ್ನಡಿ'. ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಚಿತ್ರಗಳನ್ನು ತಾವೇ ತೆಗೆದು, ಬರಹವನ್ನೂ ತಾವೇ ಬರೆದರು. 2014ರಲ್ಲಿ ಪಿ. ಸಾಯಿನಾಥರು ಆರಂಭಿಸಿದ ಗ್ರಾಮೀಣ ಭಾರತದ ಜನರ ಭಂಡಾರದಲ್ಲಿ, ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ 'ಪರಿ' ಎಂದು ಕರೆಯುತ್ತಾರೆ, ನಮ್ಮ ಮರಾಠವಾಡಾದ ಹೊಲಗೆಲಸದವರ, ಕಬ್ಬು ಕಡಿಯುವವರ ಚಿತ್ರಗಳು ಬರಹದೊಡನೆ ಬಂದಿವೆ, ಕನ್ನಡದಲ್ಲಿಯೂ ಓದಸಿಗುತ್ತವೆ. ಅಲ್ಲಿ ಕೂಲಿಕಾರರಿಗೂ ಹೆಸರಿದೆ, ಊರಿದೆ. ನಮಗೆ ಮೆಚ್ಚಿಕೆಯಾದ ಮಾತು ಅದೇ.

ಇನ್ನು ನಮ್ಮ ಮನೆಯ ಮಾತಿಗೆ ಬರುವೆವು.

ಚಿತ್ರಕ್ಕೆ ಭಾಷೆಯಿಲ್ಲ, ಅದು ಜಗತ್ತಿಗೆಲ್ಲ ತಿಳಿಯುವದು ಎಂದು ಹೊಗಳುವರು. ಗಡಿಯ ಮೇಲೆ ಬಾಳುವ ನಮ್ಮಂಥವರಿಗೆ ಅದೇ ಗಂಡಾಂತರ. ಉದಗೀರ, ನಿಲಂಗಾ ತಾಲೂಕುಗಳು ಒಂದು ಕಾಲಕ್ಕೆ ಬೀದರ ಜಿಲ್ಲೆಯವು. 1956ರ ನವೆಂಬರ 1ರಂದು ಆ ಜಿಲ್ಲೆ ಮೂರು ಪಾಲಾಯಿತು: ಕೆಲವು ತಾಲೂಕು ಮೈಸೂರಿಗೆ, ಕೆಲವು ಆಂಧ್ರಕ್ಕೆ, ಉದಗೀರ, ನಿಲಂಗಾಗಳು ಮುಂಬಯಿ ರಾಜ್ಯಕ್ಕೆ. 1960ರ ಮೇ 1ರಂದು ಅದು ಮಹಾರಾಷ್ಟ್ರವಾಯಿತು. ಮುಂದೆ 1982ರಲ್ಲಿ ಲಾತೂರ ಜಿಲ್ಲೆಯು ಬೇರೆಯಾದಾಗ ನಿಲಂಗಾ, ಉದಗೀರಗಳು ಅತ್ತ ಹೋದವು. ಉಮರ್ಗಾವು ಉಸ್ಮಾನಾಬಾದದಲ್ಲಿಯೇ, ಇಂದಿನ ಧಾರಾಶಿವ ಜಿಲ್ಲೆಯಲ್ಲಿಯೇ, ಉಳಿಯಿತು. ಇದೆಲ್ಲ ನಕಾಶೆಯ ಕತೆ. ಆ ಕಾಲದ ಒಂದು ಪಟವನ್ನು ಪಡಸಾಲೆಯ ಗೋಡೆಯಿಂದ ಇಳಿಸಿ ನೋಡಿರಿ. ಮುತ್ಯಾನ ತಲೆಯ ಮೇಲೆ ಬಿಳಿ ಟೊಪ್ಪಿಗೆ, ಮೈಮೇಲೆ ಧೋತರ ಅಂಗಿ. ಆಯಿಯ ಮೈಮೇಲೆ ಇಳಕಲ್ ಸೀರೆ. ಈ ಉಡುಗೆಯು ಗಡಿಯ ಈಚೆಗೂ ಅದೇ, ಆಚೆಗೂ ಅದೇ. ಆಯಿಯು ಆ ಕೂಸನ್ನು ಯಾವ ಭಾಷೆಯಲ್ಲಿ ತೂಗಿದಳು, ಮುತ್ಯಾನು ಎತ್ತುಗಳನ್ನು ಯಾವ ಭಾಷೆಯಲ್ಲಿ ಗದರಿಸಿದನು ಎಂಬುದು ಪಟದಲ್ಲಿ ಕಾಣುವದಿಲ್ಲ. ಹಿಂದೆ ಒಂದು ಸಾಲು ಬರೆದಿದ್ದರೆ ಮಾತ್ರ ಇದು ಕನ್ನಡದ ಮನೆಯೆಂದು ಮೊಮ್ಮಕ್ಕಳಿಗೆ ತಿಳಿಯುವದು. ಮರಾಠಿಯ ಮೇಲೆ ನಮಗೆ ಮುನಿಸಿಲ್ಲ. ಅದು ನಮ್ಮ ಪೇಟೆಯ ಭಾಷೆ, ಕಚೇರಿಯ ಭಾಷೆ, ಎಷ್ಟೋ ಮನೆಗಳಲ್ಲಿ ಸೊಸೆಯಂದಿರ ತವರು ಭಾಷೆ. ಅದನ್ನು ಪಟದ ಹಿಂದೆ ಬರೆದರೂ ಸರಿಯೆ. ಏನನ್ನೂ ಬರೆಯದೆ ಬಿಡುವದೇ ನಷ್ಟ.

ಆ ನಷ್ಟವನ್ನು ನಮ್ಮ ನೆಲವು ಒಮ್ಮೆ ಒಂದೇ ರಾತ್ರಿಯಲ್ಲಿ ಕಂಡಿದೆ. 1993ರ ಸಪ್ಟಂಬರ 30ರ ನಸುಕಿನಲ್ಲಿ, ಗಣಪತಿಯನ್ನು ಕಳುಹಿಸಿ ಬಂದು ಜನ ಮಲಗಿದ್ದಾಗ, ನಾಲ್ಕು ಗಂಟೆಗೆ ನಾಲ್ಕೈದು ನಿಮಿಷವಿರುವಾಗ ಭೂಮಿ ನಡುಗಿತು. ಕಿಲ್ಲಾರಿ, ಆಗ ಉಮರ್ಗಾ ತಾಲೂಕಿನಲ್ಲಿದ್ದ ಸಾಸ್ತೂರ, ಸುತ್ತಲಿನ ಹಳ್ಳಿಗಳು ನೆಲಸಮವಾದವು. ಸತ್ತವರ ಸಂಖ್ಯೆಯನ್ನು 8ರಿಂದ 10 ಸಾವಿರವೆಂದು ಹೇಳುತ್ತಾರೆ. ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ಮಣಭಾರದ ಮಣ್ಣಿನ ಮಾಳಿಗೆ. ತಂಪಿಗೆಂದು ಕಟ್ಟಿದ್ದೇ ಗೋರಿಯಾಯಿತು. ದೇಶವಿದೇಶಗಳ ಛಾಯಾಚಿತ್ರಕಾರರು ಬಂದರು. ಕಲ್ಲಿನ ರಾಶಿಗಳ, ಸಾಮೂಹಿಕ ಚಿತೆಗಳ ಚಿತ್ರಗಳು ಎಲ್ಲ ಪತ್ರಿಕೆಗಳಲ್ಲಿ ಬಂದವು. ಅವುಗಳ ಉಪಕಾರ ಸಣ್ಣದಲ್ಲ. ಅವುಗಳನ್ನು ಕಂಡೇ ನೆರವು ಹರಿದುಬಂದಿತು. ಆದರೆ ಒಂದು ವಿಚಿತ್ರವನ್ನು ಗಮನಿಸಿರಿ. ಸತ್ತ ಮೇಲಿನ ಚಿತ್ರಗಳು ಸಾವಿರ ಉಳಿದವು. ಬದುಕಿದ್ದಾಗಿನ ಪಟಗಳು, ಲಗ್ನದ್ದು, ಜಾವಳದ್ದು, ಶಾಲೆಯ ಗುಂಪಿನದು, ಗೋಡೆಗಳೊಡನೆ ಮಣ್ಣುಪಾಲಾದವು. ನೆರೆಯೂರಿನ ಬೀಗರ ಮನೆಯಲ್ಲಿ ಗುಂಪಿನ ಪಟವೊಂದು ಉಳಿದಿದ್ದರೆ ಅದರೊಳಗಿನ ಸಣ್ಣ ಮುಖವೇ ಆ ಮನುಷ್ಯನ ಕಡೆಯ ಗುರುತು. ಆ ಗುಂಪಿನಲ್ಲಿ ಎಡದಿಂದ ಮೂರನೆಯವರು ಯಾರೆಂದು ಹೇಳಬಲ್ಲವರು ಇಂದು ಎಷ್ಟು ಜನ ಉಳಿದಿದ್ದಾರೆ?

ಚಿತ್ರವೇ ಇಲ್ಲದ ಸಂಗತಿಗಳೂ ಉಂಟು. 1947-48ರ ದಿನಗಳನ್ನು ಹಿರಿಯರು ದನಿ ತಗ್ಗಿಸಿ ಹೇಳುತ್ತಿದ್ದರು. ರಜಾಕಾರರ ಹಾವಳಿಯಲ್ಲಿ ನೊಂದವರುಂಟು. ಪೋಲೀಸ ಕಾರ್ಯಾಚರಣೆಯ ನಂತರದ ಗಲಭೆಯಲ್ಲಿ ನೊಂದ ಮುಸಲ್ಮಾನ ಮನೆಗಳುಂಟು. ಭಾರತ ಸರಕಾರವು ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿಯು ಹೆಚ್ಚು ಹಾನಿಯಾದದ್ದು ಉಸ್ಮಾನಾಬಾದ, ಗುಲಬರ್ಗಾ, ಬೀದರ, ನಾಂದೇಡ ಜಿಲ್ಲೆಗಳಲ್ಲಿ ಎಂದು ಬರೆಯಿತು. ಆ ವರದಿಯು ದಶಕಗಳ ಕಾಲ ಪ್ರಕಟವಾಗಲಿಲ್ಲ. ಆಗ ನಮ್ಮ ಹಳ್ಳಿಗಳಲ್ಲಿ ಕೆಮರಾ ಎಲ್ಲಿಯದು? ಇಂಥಲ್ಲಿ ಬರಹವು ಒಂಟಿಯಾಗಿಯೇ ನಡೆಯಬೇಕು. ಇಂದಿನ ಮೊಬೈಲಿನಲ್ಲಿ ಎಲ್ಲಿಯದೋ, ಯಾವ ವರ್ಷದ್ದೋ ಒಂದು ಭಯಂಕರ ಚಿತ್ರವನ್ನು ತಂದು, ನಮ್ಮ ಊರ ಹೆಸರನ್ನು ಅದಕ್ಕೆ ಅಂಟಿಸಿ ಕಳುಹಿಸುವರು. ಮಕ್ಕಳು ನಂಬುವರು. ಇದು ಸೈಂಧವದ ಕತೆಯಂತೆ ನಗುವ ಮಾತಲ್ಲ. ಕುದುರೆ ಬಂದರೆ ಊಟ ಕೆಡುವದು. ಇದು ಬಂದರೆ ಊರು ಕೆಡುವದು.

ಆದುದರಿಂದ ಇಯತ್ತೆ ಒಂಬತ್ತನೆಯ ವರ್ಗದ ಕನ್ನಡದ ತಾಸಿನಲ್ಲಿ, ನಿಬಂಧಕ್ಕೆಂದು ಇಟ್ಟ ಶನಿವಾರಗಳಲ್ಲಿ, ನಾವು ಒಂದು ಪದ್ಧತಿಯನ್ನು ಹಾಕಿದ್ದೇವೆ. 'ಮಳೆಗಾಲದ ಒಂದು ದಿನ', 'ನಾನು ಪ್ರಧಾನಮಂತ್ರಿಯಾದರೆ' ಎಂಬ ನಿಬಂಧಗಳನ್ನು ಓದಿ ಓದಿ ನಮಗೂ ಬೇಸರವಾಗಿತ್ತು. ಮಕ್ಕಳು ಮನೆಯಿಂದ ಒಂದು ಪಟವನ್ನು ತರಬೇಕು. ಮೂರು ಭಾಗವಾಗಿ ಬರೆಯಬೇಕು. ಮೊದಲು ಕಣ್ಣಿಗೆ ಕಾಣುವದಷ್ಟೇ. ಎರಡನೆಯದಾಗಿ ಬಲ್ಲವರನ್ನು ಕೇಳಿ ತಿಳಿದದ್ದು, ಹೇಳಿದವರ ಹೆಸರಿನೊಡನೆ. ಮೂರನೆಯದಾಗಿ ತಾವು ಊಹಿಸಿದ್ದು. ತರ್ಕಶಾಸ್ತ್ರದ ಪ್ರತ್ಯಕ್ಷ, ಶಬ್ದ, ಅನುಮಾನಗಳೇ ಇವು. ಮಕ್ಕಳಿಗೆ ಆ ಹೆಸರುಗಳನ್ನು ಹೇಳಿ ಹೆದರಿಸುವದಿಲ್ಲ. ಮೂರನ್ನೂ ಕಲಸಬಾರದೆಂಬುದಷ್ಟೇ ನಿಯಮ.

ಕೇಳಲು ಸುಲಭ, ಮಾಡಲು ಕಷ್ಟ. ಒಬ್ಬ ಹುಡುಗಿಯು 1972ರ ದುಷ್ಕಾಳದ ಒಂದು ಪಟವನ್ನು ತಂದಳು. ರಸ್ತೆಯ ಬದಿಗೆ ಖಡಿ ಒಡೆಯುವ ಹೆಂಗಸರ ಸಾಲು. ಚೌಕದ ಸಣ್ಣ ಪಟ. ಒಂದು ಸುರುಳಿಗೆ ಹನ್ನೆರಡೇ ಚಿತ್ರ ಬರುತ್ತಿದ್ದ ಆಗ್ಫಾ ಕ್ಲಿಕ್ ಕೆಮರಾದ್ದಿರಬೇಕು. ಹುಡುಗಿಯು ಮೊದಲನೆಯ ಭಾಗದಲ್ಲಿಯೇ 'ಹೆಂಗಸರು ದುಃಖದಿಂದ ನೋಡುತ್ತಿದ್ದಾರೆ' ಎಂದು ಬರೆದಿದ್ದಳು. ದುಃಖವು ಕಂಡದ್ದೋ ಊಹಿಸಿದ್ದೋ ಎಂದು ಕೇಳಿದೆವು. ಅವಳು ಮನೆಗೆ ಹೋಗಿ, ಸಾಲಿನ ಕೊನೆಯಲ್ಲಿ ಕುಳಿತಿದ್ದ ತನ್ನ ಆಯಿಯನ್ನೇ ಕೇಳಿದಳು. ಮುಂದಿನ ವಾರ ಬರೆದು ತಂದ ಉತ್ತರ ಇದು: "ದುಃಖ ಯಾತರದವ್ವಾ, ಬಿಸಲ ಕಣ್ಣಾಗ ಬಿದ್ದಿತ್ತ. ಅವತ್ತ ಪಗಾರ ಆಗಿತ್ತ, ಸುಕಡೀನೂ ಕೊಟ್ಟಿದ್ರ. ನಾವೆಲ್ಲಾ ನಗಾಕತ್ತಿದ್ವಿ, ಫೋಟೋ ತಗಿಯಾಂವ ನಗಬ್ಯಾಡ್ರಿ ಅಂದ." ಈ ನಾಲ್ಕು ಮಾತುಗಳಿಂದ ಪಟವೇ ಬೇರೆಯಾಯಿತು. ಬರಗಾಲವು ಸುಳ್ಳಾಗಲಿಲ್ಲ. ಬರಗಾಲದಲ್ಲಿಯೂ ಪಗಾರದ ದಿನ ನಗುವ ಹೆಂಗಸರಿದ್ದರು, ಅವರನ್ನು ನಗದಂತೆ ಕೂಡಿಸಿದವನೊಬ್ಬನಿದ್ದನು ಎಂಬುದು ಸೇರಿಕೊಂಡಿತು. ಹೂಪರನ ಚಿತ್ರಗಳಲ್ಲಿ ಕುಳಿತವರನ್ನು ಹೀಗೆ ಕೇಳುವವರು ಯಾರೂ ಇದ್ದಿಲ್ಲ.

ಆಯಿಯ ಮಾತನ್ನು ಗ್ರಂಥಸ್ಥ ಕನ್ನಡಕ್ಕೆ ತಿದ್ದಿ ಬರೆಯಿಸಬೇಕಲ್ಲವೆ ಎಂದು ಸಹೋದ್ಯೋಗಿಗಳೊಬ್ಬರು ಕೇಳಿದರು. ನಾವು ಕೇಶಿರಾಜನನ್ನು ಓದಿ ಪರೀಕ್ಷೆ ಕೊಟ್ಟವರು. ಶುದ್ಧಾಶುದ್ಧಗಳ ವಿಚಾರ ನಮಗಿದೆ. ಹುಡುಗಿಯ ಸ್ವಂತ ವಾಕ್ಯಗಳಲ್ಲಿಯ ತಪ್ಪುಗಳನ್ನು ತಿದ್ದಿದೆವು. ಆಯಿಯ ಮಾತಿಗೆ ಕೈ ಹಚ್ಚಲಿಲ್ಲ. ಅದು ಸಾಕ್ಷಿಯ ಮಾತು. ಉಮರ್ಗಾದ ಕನ್ನಡವು ಉಮರ್ಗಾದ ಪಟದಡಿಯಲ್ಲಿಯೇ ಇರಬೇಕು. ಇಲ್ಲಿ ಬರೆಯದಿದ್ದರೆ ಇನ್ನೆಲ್ಲಿಯೂ ಅದನ್ನು ಬರೆಯಲಾರರು.

ಬೋಧನೆಯ ಒಂದು ಲಾಭವನ್ನೂ ಹೇಳಬೇಕು. ಮನೆಯಲ್ಲಿ ಕನ್ನಡ, ಅಂಗಳದಲ್ಲಿ ಮರಾಠಿ, ಮೊಬೈಲಿನಲ್ಲಿ ಹಿಂದಿ ಎಂದು ಬೆಳೆಯುವ ಮಕ್ಕಳಿಗೆ ಕನ್ನಡ ಪದಗಳ ಬಡತನ ಬಹಳ. ಪಟದ ಮುಂದೆ ಕುಳಿತಾಗ ಪದ ಬೇಕೇಬೇಕಾಗುವದು. ಆಯಿಯ ಕೊರಳಲ್ಲಿರುವದಕ್ಕೆ ಏನೆನ್ನುವರು? ಗುಂಡಿನ ಟೀಕಿ. ಹಿಂದೆ ಕಾಣುವ ಧಾನ್ಯದ ಗೂಡು? ಕಣಜ. ಪುಸ್ತಕದಲ್ಲಿಲ್ಲದ ಪದಗಳು ಮನೆಯಿಂದ ಪುಸ್ತಿಕೆಗೆ ಬರುತ್ತವೆ.

ಈಗ ಪಾಲಕರಿಗೆ ಕೆಲವು ವ್ಯಾವಹಾರಿಕ ಮಾತುಗಳು. ಪಟದ ಹಿಂದೆ ಬಾಲ್‌ಪೆನ್ನಿನಿಂದ ಬರೆಯಬೇಡಿರಿ. ಒತ್ತಿದ ಗುರುತು ಮುಂದೆ ಮುಖದ ಮೇಲೆ ಮೂಡುವದು, ಮಸಿಯೂ ಹರಿಯುವದು. ಮೆತ್ತಗಿನ ಪೆನ್ಸಿಲಿನಿಂದ ಅಂಚಿನಲ್ಲಿ ಹಗುರಾಗಿ ಬರೆಯಿರಿ. ಅಂಟುವ ಹಾಳೆಯ ಆಲ್ಬಮ್ಮುಗಳಲ್ಲಿ ಹಳೆಯ ಪಟಗಳನ್ನು ಇಡಬೇಡಿರಿ. ಪ್ಲಾಸ್ಟಿಕ್ಕಿನಲ್ಲಿ ಬೆಸೆಯುವ ಲ್ಯಾಮಿನೇಶನ್ನನ್ನೂ ಮಾಡಿಸಬೇಡಿರಿ. ಕಪ್ಪು-ಬಿಳುಪಿನವು ನಮ್ಮ ನಿಮ್ಮೆಲ್ಲರಿಗಿಂತ ಹೆಚ್ಚು ಬಾಳುವವು. 1970-80ರ ಬಣ್ಣದ ಪಟಗಳು ಕೆಂಪಾಗಿ ಅಳಿಯುತ್ತಿವೆ, ಅವುಗಳ ಕೆಲಸವನ್ನು ಮೊದಲು ಮಾಡಿರಿ. ಎಡದಿಂದ ಬಲಕ್ಕೆ ಹೆಸರುಗಳು, ಊರು, ಸುಮಾರು ವರ್ಷ, ತೆಗೆದವರು ಯಾರು, ಈ ವಿವರಗಳನ್ನು ಇಂದು ಹೇಳಿದವರು ಯಾರು, ಇಷ್ಟಾದರೆ ಸಾಕು. ಗೊತ್ತಿಲ್ಲದ ಮುಖವಿದ್ದರೆ ಗೊತ್ತಿಲ್ಲವೆಂದೇ ಬರೆಯಿರಿ. ಜಾಗವನ್ನು ತುಂಬಲೆಂದು ಹೆಸರು ಹಚ್ಚಬೇಡಿರಿ.

ಸಂಘದವರು ದಯೆಯಿಟ್ಟು ಮುಂದಿನ ನಾಲ್ಕು ರವಿವಾರ ಮುಂಜಾನೆ ತಮ್ಮ ವಾಚನಾಲಯದ ಪಡಸಾಲೆಯನ್ನು ಬಿಟ್ಟುಕೊಡಲು ಒಪ್ಪಿದ್ದಾರೆ. ನಮ್ಮ ವರ್ಗದ ಮಕ್ಕಳು ಪೆನ್ಸಿಲು, ವಹಿಗಳೊಡನೆ ಅಲ್ಲಿ ಕುಳಿತಿರುವರು. ಪಟಗಳನ್ನು ಯಾರೂ ಕೊಟ್ಟುಹೋಗಬೇಕಾಗಿಲ್ಲ. ಅಲ್ಲಿಯೇ ಮೊಬೈಲಿನಿಂದ ಪ್ರತಿ ತೆಗೆದು, ಬರಹವನ್ನು ಬರೆದುಕೊಂಡು, ಕೈಗೇ ಮರಳಿ ಕೊಡುವೆವು. ಗಾಜಿಗೆ ಅಂಟಿದ ಪಟಗಳನ್ನು ಮನೆಯಲ್ಲಿ ಕೀಳಹೋಗಬೇಡಿರಿ, ಚೌಕಟ್ಟಿನೊಡನೆಯೇ ತನ್ನಿರಿ. ಹೆಸರುಗಳನ್ನು ಬಲ್ಲ ಹಿರಿಯರನ್ನೂ ಜೊತೆಗೆ ಕರೆತನ್ನಿರಿ. ಅವರಿಗಾಗಿ ಕೈಯಿರುವ ಕುರ್ಚಿಗಳನ್ನು ಹಾಕಿಸುವೆವು, ಚಹದ ವ್ಯವಸ್ಥೆಯೂ ಇದೆ.